ವಿಮರ್ಶಕರ ಅಂಕ, ಆಟಗಾರರ ಮಾತು: ಶಿರಸಿಯಲ್ಲಿ ಕೂತು ಮುಗಿಸಿದ ಒಂದು ಪ್ರಾಜೆಕ್ಟು

ಕಳೆದ ವಾರ ನನ್ನ ಬಿ.ಎಸ್‌ಸಿ. ಕೊನೆಯ ವರ್ಷದ ಪ್ರಾಜೆಕ್ಟಿನ ವೈವಾ ಮುಗಿಯಿತು. ಒಬ್ಬ ವಿಡಿಯೋ ಗೇಮ್ ವಿಮರ್ಶಕರು ವರ್ಷಗಟ್ಟಲೆ ಕೊಡುತ್ತ ಬಂದ ಅಂಕಗಳು, ಅದೇ ಆಟಗಳನ್ನು ದುಡ್ಡು ಕೊಟ್ಟು ಆಡಿದವರ ಅಭಿಪ್ರಾಯದ ಜೊತೆ ಎಷ್ಟು ತಾಳೆಯಾಗುತ್ತವೆ ಅನ್ನುವುದು ವಿಷಯ. ನಮ್ಮ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಇದಕ್ಕೂ ಮೊದಲು ಗೇಮ್ ವಿಷಯ ಎತ್ತಿಕೊಂಡವರು ಯಾರೂ ಇರಲಿಲ್ಲ, ಕೇಳೋಣ ಅಂದರೆ ಸೀನಿಯರ್ಸ್ ಸಿಗಲಿಲ್ಲ. ಈಗ ಜೂನಿಯರ್ಸ್ ಕೆಲವರು ಇಂಥದ್ದೇ ವಿಷಯ ಹಿಡಿಯುವ ಯೋಚನೆಯಲ್ಲಿದ್ದಾರೆ. ಎಲ್ಲೆಲ್ಲಿ ಕಾಯಬೇಕಾಯ್ತು, ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುವ ಸಂಗತಿಗಳಿದ್ದವು ಅನ್ನುವುದು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ವಿಷಯ ಹುಟ್ಟಿದ್ದು ಮನೆಯಲ್ಲಿ. ನನಗೂ ತಮ್ಮನಿಗೂ ಗೇಮ್ ಕೊಳ್ಳುವಷ್ಟು ದುಡ್ಡು ಕೈಗೆ ಬರುವುದು ಚಳಿಗಾಲದಲ್ಲಿ, ಅಡಿಕೆ ಸುಲಿದಾಗ. ಆ ದುಡ್ಡಿಗೆ ವರ್ಷಕ್ಕೆ ಒಂದೋ ಎರಡೋ ಆಟ ಬರುತ್ತದೆ. ಹಾಗಾಗಿ ಯಾವುದನ್ನು ಕೊಳ್ಳಬೇಕು ಅನ್ನುವುದು ನಮ್ಮಲ್ಲಿ ದೊಡ್ಡ ಚರ್ಚೆ. ತಮ್ಮ ಒಬ್ಬ ವಿಮರ್ಶಕರನ್ನು ಕಣ್ಣುಮುಚ್ಚಿ ನಂಬುತ್ತಿದ್ದ, ಅವರು ಹತ್ತಕ್ಕೆ ಒಂಬತ್ತು ಕೊಟ್ಟರೆ ಅವನ ಮಟ್ಟಿಗೆ ಮಾತು ಮುಗಿಯಿತು. ನಾನು ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಆಟಗಾರರು ಬರೆದದ್ದನ್ನು ಓದುತ್ತಿದ್ದೆ. ಇಬ್ಬರ ಜಗಳವನ್ನು ಲೆಕ್ಕದಲ್ಲೇ ತೀರ್ಮಾನ ಮಾಡಬಹುದಲ್ಲ ಅನ್ನಿಸಿತು. ಆ ವಿಮರ್ಶಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ರಿಪೋರ್ಟಿನಲ್ಲೂ ಬರೆದಿಲ್ಲ. ಒಬ್ಬ ವ್ಯಕ್ತಿಯ ಕೆಲಸವನ್ನು ತೂಗುವಾಗ ಹೆಸರು ಬೇಡ ಅಂತ ಗೈಡ್ ಹೇಳಿದ್ದು ನನಗೂ ಸರಿ ಕಂಡಿತು.

ಮೊದಲ ಗೇಟು ವಿಷಯಕ್ಕೆ ಒಪ್ಪಿಗೆ. ವಿಭಾಗದಲ್ಲಿ ಸಾಮಾನ್ಯವಾಗಿ ಓಡುವ ವಿಷಯಗಳು ಮಳೆಯ ಪ್ರಮಾಣ, ಅಡಿಕೆ ದರ, ಸಹಕಾರಿ ಸಂಘದ ಸಾಲ ಇಂಥವು. ಗೇಮ್ ಅಂದ ಕೂಡಲೇ ಮುಖಗಳು ಬದಲಾದವು. ಪ್ರಸ್ತಾವನೆ ತಿದ್ದುಪಡಿಗೆ ವಾಪಸ್ ಬಂತು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ಆಟಗಾರರ ಅಭಿಪ್ರಾಯ ಅಂದರೆ ಯಾರ ಅಭಿಪ್ರಾಯ? ನಮ್ಮ ಗೈಡ್ ಜೀವನದಲ್ಲಿ ಒಂದು ವಿಡಿಯೋ ಗೇಮ್ ಆಡಿದವರಲ್ಲ. ಆದರೂ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ತಿದ್ದಿ ಕೊಡುವಷ್ಟರಲ್ಲಿ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅಷ್ಟು ದಿನ ಶಿರಸಿ ಪೇಟೆಯಲ್ಲಿ ಬೇರೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಜಾತ್ರೆ ವರ್ಷದಲ್ಲಿ ಪ್ರಾಜೆಕ್ಟ್ ಇದ್ದವರು ಒಪ್ಪಿಗೆಯ ಸಹಿಯನ್ನು ಅದಕ್ಕೂ ಮೊದಲೇ ತೆಗೆದುಕೊಂಡುಬಿಡಿ.

ಜಾತ್ರೆ ಕಳೆದ ಮೇಲೆ ವಿಭಾಗದ ಮುಖ್ಯಸ್ಥರ ಎದುರು ಕೂತು ವಿವರಿಸಬೇಕಾಯ್ತು. ಗೇಮ್‌ಗಳ ಹೆಸರು ಹೇಳಿದರೆ ಉಪಯೋಗವಿಲ್ಲ ಅಂತ ಗೊತ್ತಿತ್ತು. ಅಡಿಕೆ ಟೆಂಡರಿನ ಉದಾಹರಣೆ ತೆಗೆದುಕೊಂಡೆ. ಒಂದೊಂದು ಲಾಟಿಗೆ ವ್ಯಾಪಾರಿಗಳು ದರ ಬರೆಯುತ್ತಾರೆ. ಒಬ್ಬ ವ್ಯಾಪಾರಿ ಯಾವ ಲಾಟಿಗೂ ಉಳಿದವರಿಗಿಂತ ಸ್ವಲ್ಪ ಕಡಿಮೆಯೇ ಬರೆಯುತ್ತಾನೆ ಅಂದುಕೊಳ್ಳಿ. ಅವನಿಗೆ ಮಾಲು ತಿಳಿಯುವುದಿಲ್ಲ ಅನ್ನಲಿಕ್ಕೆ ಆಗುವುದಿಲ್ಲ. ಒಳ್ಳೆಯ ಲಾಟಿಗೆ ಅವನ ಪಟ್ಟಿಯಲ್ಲಿ ಹೆಚ್ಚು, ಕಳಪೆಗೆ ಕಡಿಮೆ ಇದ್ದರೆ ಅವನ ಕಣ್ಣು ಸರಿ ಇದೆ, ಕೈ ಮಾತ್ರ ಬಿಗಿ. ನನಗೆ ಈ ವಿಮರ್ಶಕರ ಕಣ್ಣು ಬೇರೆ, ಕೈ ಬೇರೆ ಮಾಡಿ ನೋಡಬೇಕಿದೆ ಅಂದೆ. ಮುಖ್ಯಸ್ಥರ ಮನೆಯಲ್ಲೂ ತೋಟ ಇದೆ. ಅಲ್ಲಿಂದ ಮುಂದೆ ವಿಷಯಕ್ಕೆ ತಕರಾರು ಬರಲಿಲ್ಲ.

ಒಪ್ಪಿಗೆ ಸಿಕ್ಕಿತು ಅಂತ ಆದ ಸಂತೋಷ ಬಹಳ ದಿನ ಉಳಿಯಲಿಲ್ಲ. ಅಂಕ ಅನ್ನುವುದೇ ಒಂದು ಅಳತೆಯಲ್ಲಿ ಇಲ್ಲ ಅಂತ ಮಾಹಿತಿ ಕೂಡಿಸಲಿಕ್ಕೆ ಕೂತಾಗ ಗೊತ್ತಾಯ್ತು. ಗೇಮ್ ವಿಮರ್ಶೆ ಬರೆಯುವ ತಾಣ ಐಜಿಎನ್ 2020ರ ಜನವರಿಯಿಂದ ದಶಾಂಶ ಬಿಟ್ಟು ಹತ್ತಕ್ಕೆ ಪೂರ್ಣ ಅಂಕ ಕೊಡಲು ಶುರು ಮಾಡಿತು. ಅಂಥದ್ದೇ ಇನ್ನೊಂದು ತಾಣ ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿ, 2023ರಲ್ಲಿ ಐದು ನಕ್ಷತ್ರಗಳ ಪದ್ಧತಿಗೆ ಬಂತು. ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ಕು ಜನ ತಲಾ ಹತ್ತಕ್ಕೆ ಕೊಟ್ಟು ನಲವತ್ತಕ್ಕೆ ಕೂಡಿಸುತ್ತಾರೆ. ಪಿಸಿ ಗೇಮರ್ ಪತ್ರಿಕೆ ನೂರಕ್ಕೆ ಕೊಡುತ್ತದೆ. ಕೆಲವು ಕಡೆ ಅಂಕವೇ ಇಲ್ಲ, ಬರಹ ಮಾತ್ರ. ಆದ್ದರಿಂದ ನೀವು ಆರಿಸುವ ವಿಮರ್ಶಕರು ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಬರೆದ ಅವಧಿಯನ್ನು ಮಾತ್ರ ತೆಗೆದುಕೊಳ್ಳಿ. ನಾನು ಆ ಕಾರಣಕ್ಕೆ ಹಳೆಯ ವಿಮರ್ಶೆಗಳ ಒಂದು ದೊಡ್ಡ ಕಂತೆಯನ್ನೇ ಬಿಟ್ಟೆ. ಬಿಡುವಾಗ ಹೊಟ್ಟೆ ಉರಿಯಿತು, ಆದರೆ ವೈವಾದಲ್ಲಿ ಇದೇ ಪ್ರಶ್ನೆ ಬಂತು. ಒಬ್ಬೊಬ್ಬ ವಿಮರ್ಶಕರ ವಿಮರ್ಶೆಗಳು ಒಟ್ಟಾಗಿ ಸಿಗುವ ಪುಟಗಳು ಓಪನ್‌ಕ್ರಿಟಿಕ್ ಅನ್ನುವ ತಾಣದಲ್ಲಿವೆ. ಹುಡುಕಾಟ ಅಲ್ಲಿಂದ ಶುರು ಮಾಡಿ, ಅಂಕವನ್ನು ಮಾತ್ರ ಮೂಲ ವಿಮರ್ಶೆಯಲ್ಲೇ ನೋಡಿ ಬರೆದುಕೊಳ್ಳಿ.

ಎಲ್ಲ ವಿಮರ್ಶಕರ ಸರಾಸರಿ ಮೆಟಾಕ್ರಿಟಿಕ್‌ನಲ್ಲಿ ಸಿದ್ಧವಾಗಿಯೇ ಇದೆಯಲ್ಲ, ಒಬ್ಬರನ್ನೇ ಯಾಕೆ ಅಂತ ಬಹಳ ಜನ ಕೇಳಿದರು. 2001ರಿಂದ ನಡೆಯುತ್ತಿರುವ ಆ ತಾಣದ ಮೆಟಾಸ್ಕೋರ್ ನೂರಕ್ಕೆ ಲೆಕ್ಕ ಹಾಕಿದ, ತೂಕ ಕಟ್ಟಿದ ಸರಾಸರಿ, ಯಾವ ಪತ್ರಿಕೆಗೆ ಎಷ್ಟು ತೂಕ ಅನ್ನುವುದನ್ನು ಅವರು ಹೊರಗೆ ಹೇಳುವುದಿಲ್ಲ. ಹತ್ತಾರು ಜನರ ಸ್ವಭಾವ ಅದರಲ್ಲಿ ಕಲಸಿಹೋಗಿರುತ್ತದೆ. ಒಬ್ಬರೇ ಆದರೆ ಅವರ ಸ್ವಭಾವವನ್ನು ಅಳೆಯಬಹುದು: ಎಷ್ಟಕ್ಕೆ ಮೆಚ್ಚಿದರು, ಎಷ್ಟಕ್ಕೆ ಬೇಸರಪಟ್ಟರು, ಏಳು ಅಂಕ ಅಂದರೆ ಅವರ ಬಾಯಲ್ಲಿ ಏನು.

ಅಂಕಿ ಬರೆಯುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ಆಯ್ತು. ಹಗಲು ಸೆಕೆ, ಸಂಜೆ ಆಗುತ್ತಲೇ ಗುಡುಗು. ಗುಡುಗು ಶುರುವಾದ ಕೂಡಲೇ ಆಯಿ ರೌಟರಿನ ವೈರು ಕೀಳುತ್ತಾಳೆ, ನಮ್ಮ ಕಡೆ ಸಿಡಿಲಿಗೆ ಸುಟ್ಟ ರೌಟರುಗಳು ಮನೆಗೊಂದು ಇವೆ. ಆಮೇಲೆ ಕರೆಂಟೂ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ನೆಟ್ಟು ಇದ್ದಾಗ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು, ರಾತ್ರಿ ಅವುಗಳನ್ನು ನೋಡಿ ಬರೆಯುವುದು ಅಂತ ರೂಢಿ ಮಾಡಿಕೊಂಡೆವು. ಎಮರ್ಜೆನ್ಸಿ ಲೈಟಿನ ಬೆಳಕಲ್ಲಿ ತಮ್ಮ ಮೊಬೈಲ್ ಹಿಡಿದು ಓದುತ್ತಿದ್ದ: ಆಟದ ಹೆಸರು, ದಿನಾಂಕ, ಯಾವ ಯಂತ್ರ (ಕಂಪ್ಯೂಟರೋ ಪ್ಲೇಸ್ಟೇಷನ್ನೋ), ವಿಮರ್ಶಕರ ಅಂಕ, ಆಟಗಾರರ ಶೇಕಡಾ, ಒಟ್ಟು ಅಭಿಪ್ರಾಯಗಳ ಸಂಖ್ಯೆ. ನಾನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದು ಬರೆಯುತ್ತಿದ್ದೆ. ಲ್ಯಾಪ್‌ಟಾಪಿನ ಬ್ಯಾಟರಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ, ಪುಸ್ತಕಕ್ಕೆ ಆ ಚಿಂತೆ ಇಲ್ಲ. ಮಾಳಿಗೆಯ ತಗಡಿನ ಮೇಲೆ ಮಳೆ ಜೋರಾದರೆ ಅವನು ಎಂಬತ್ತೇಳು ಅಂದನೋ ಎಪ್ಪತ್ತೇಳು ಅಂದನೋ ಕೇಳುತ್ತಿರಲಿಲ್ಲ. ಅದಕ್ಕೆ ಅಂಕಿಗಳನ್ನು ಬಿಡಿಬಿಡಿಯಾಗಿ ಎಂಟು, ಏಳು ಅಂತ ಹೇಳುವ ಕ್ರಮ ಮಾಡಿಕೊಂಡೆವು. ಮರುದಿನ ನಾನು ಓದಿ ಅವನು ತಾಳೆ ನೋಡುತ್ತಿದ್ದ. ಪ್ರೋಗ್ರಾಮ್ ಬರೆದು ತಾಣಗಳಿಂದ ಒಟ್ಟಿಗೆ ಇಳಿಸಿಕೊಳ್ಳಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಎಷ್ಟೋ ತಾಣಗಳ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ, ಮತ್ತು ಮಾಹಿತಿ ಹೇಗೆ ಸಂಗ್ರಹಿಸಿದಿರಿ ಅಂತ ರಿಪೋರ್ಟಿನಲ್ಲಿ ಬರೆಯಲೇಬೇಕು. ಕೈಯಲ್ಲಿ ಬರೆದ ಪುಸ್ತಕವನ್ನು ವೈವಾದ ದಿನ ಮೇಜಿನ ಮೇಲೆ ಇಟ್ಟೆ, ಅದಕ್ಕೆ ಸಿಕ್ಕ ಗೌರವವೇ ಬೇರೆ.

ಇಲ್ಲೊಂದು ಮಾತು. ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಹಾಕಿ ಫೋಲ್ಡರ್ ಮಾಡಿ ಇಡಿ. ಆಟಗಾರರ ಶೇಕಡಾ ದಿನದಿನವೂ ಬದಲಾಗುತ್ತದೆ. ನಾಳೆ ಯಾರಾದರೂ ನೋಡಿ ನಿಮ್ಮ ಅಂಕಿ ತಪ್ಪು ಅಂದರೆ ತೋರಿಸಲು ಅದೊಂದೇ ದಾಖಲೆ.

ಗೈಡ್ ಕೆಂಪು ಶಾಯಿಯಲ್ಲಿ ಬರೆದ ಪ್ರಶ್ನೆ ನಿಜವಾಗಿ ಬಾಧಿಸಿದ್ದು ಈ ಹಂತದಲ್ಲಿ. ಮೆಟಾಕ್ರಿಟಿಕ್‌ನಲ್ಲಿ ಆಟಗಾರರು ಹತ್ತಕ್ಕೆ ಅಂಕ ಕೊಡುತ್ತಾರೆ, ಖಾತೆ ಇದ್ದರೆ ಸಾಕು, ಆಟ ಕೊಂಡಿದ್ದಕ್ಕೆ ಪುರಾವೆ ಬೇಡ. ಸ್ಟೀಮ್‌ನಲ್ಲಿ ಹೆಬ್ಬೆರಳು ಮೇಲೆ ಅಥವಾ ಕೆಳಗೆ, ಅಷ್ಟೇ. ಆದರೆ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅನ್ನುವುದು ಪಕ್ಕದಲ್ಲೇ ಕಾಣುತ್ತದೆ, ಮತ್ತು 2016ರಿಂದ ಸ್ಟೀಮ್‌ನಲ್ಲೇ ಕೊಂಡವರ ಮತ ಮಾತ್ರ ಆಟದ ಒಟ್ಟು ಶೇಕಡಾದಲ್ಲಿ ಲೆಕ್ಕಕ್ಕೆ ಬರುತ್ತದೆ. ಎರಡೂ ಆಟಗಾರರ ಅಭಿಪ್ರಾಯವೇ, ಆದರೆ ಒಂದೇ ಅಲ್ಲ. ಮುಖ್ಯವಾಗಿ ಸ್ಟೀಮ್‌ನ 90 ಶೇಕಡಾವನ್ನು ವಿಮರ್ಶಕರ ಹತ್ತಕ್ಕೆ ಒಂಬತ್ತರ ಪಕ್ಕ ಇಟ್ಟು ಸಮ ಅನ್ನಬೇಡಿ. ನೂರರಲ್ಲಿ ತೊಂಬತ್ತು ಜನ ಇದನ್ನು ಆಡಬಹುದು ಅಂದರು ಅನ್ನುವುದೇ ಅದರ ಅರ್ಥ. ಆ ತೊಂಬತ್ತೂ ಜನರಿಗೆ ಆಟ ಸುಮಾರಾಗಿ ಮಾತ್ರ ಹಿಡಿಸಿರಬಹುದು. ಜೊತೆಗೆ, ಬೇಸಾಯದ ಆಟ ಕೊಳ್ಳುವವರು ಬೇಸಾಯದ ಆಟ ಇಷ್ಟಪಡುವವರೇ ಆಗಿರುತ್ತಾರೆ. ವಿಮರ್ಶಕರಿಗೆ ಆ ಅನುಕೂಲ ಇಲ್ಲ, ಬಂದದ್ದನ್ನು ಆಡಿ ಬರೆಯಬೇಕು.

ಇನ್ನೊಂದು ತೊಡಕು, ಸಿಟ್ಟಿನ ಅಲೆಗಳು: ಯಾವುದೋ ಸಿಟ್ಟಿಗೆ ಜನ ಒಟ್ಟಿಗೆ ಬಂದು ಕಡಿಮೆ ಅಂಕ ಸುರಿಯುವುದು. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂದದ್ದು 2020ರ ಜೂನ್ 19ಕ್ಕೆ. ವಿಮರ್ಶಕರ ಮೆಟಾಸ್ಕೋರ್ 93. ಆಟಗಾರರ ಅಂಕ ಮೊದಲ ದಿನಗಳಲ್ಲಿ ಹತ್ತಕ್ಕೆ ನಾಲ್ಕರ ಆಸುಪಾಸು. ಮುಗಿಸಲಿಕ್ಕೆ ಇಪ್ಪತ್ತು ಗಂಟೆಗೂ ಮೀರಿ ಬೇಕಾಗುವ ಆಟಕ್ಕೆ ಬಿಡುಗಡೆಯ ದಿನವೇ ಸೊನ್ನೆಗಳು ಬಂದು ಬಿದ್ದಿದ್ದವು. ಮುಂದಿನ ತಿಂಗಳೇ ಮೆಟಾಕ್ರಿಟಿಕ್ ನಿಯಮ ಬದಲಿಸಿತು: ಆಟ ಬಂದು 36 ಗಂಟೆ ಕಳೆಯುವವರೆಗೆ ಆಟಗಾರರು ಅಂಕ ಹಾಕುವಂತಿಲ್ಲ. ಸ್ಟೀಮ್ 2017ರಲ್ಲಿ ಅಭಿಪ್ರಾಯಗಳ ಏರಿಳಿತ ತೋರಿಸುವ ಗ್ರಾಫ್ ತಂದಿತು, 2019ರಲ್ಲಿ ಆಟಕ್ಕೆ ಸಂಬಂಧವಿಲ್ಲದ ಅಲೆಗಳನ್ನು ಗುರುತಿಸಿ ಲೆಕ್ಕದಿಂದ ಬಿಡಲು ಶುರು ಮಾಡಿತು.

ಹಾಗಂತ ಎಲ್ಲ ಅಲೆಯನ್ನೂ ಕಸ ಅಂತ ಎಸೆಯಲಿಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಆಡುವವರು ತನ್ನ ಆನ್‌ಲೈನ್ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕಿನ ಖಾತೆ ಜೋಡಿಸಲೇಬೇಕು ಅಂತ ಆಟದ ಪ್ರಕಾಶಕ ಸೋನಿ ಹೇಳಿತು. ಆ ಸೇವೆಯೇ ಇಲ್ಲದ ದೇಶಗಳಲ್ಲೂ ಆಟ ಮಾರಾಟವಾಗಿತ್ತು. ಎರಡು ಲಕ್ಷಕ್ಕೂ ಹೆಚ್ಚು ಜನ ಹೆಬ್ಬೆರಳು ಕೆಳಗೆ ಮಾಡಿದರು, ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ಅದು ದುಡ್ಡು ಕೊಟ್ಟವರ ನ್ಯಾಯವಾದ ದೂರು. ಆಟ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ. ಕೊನೆಗೆ ನಾನು ಮಾಡಿದ್ದು ಹೀಗೆ: ಪ್ರತಿ ಆಟಕ್ಕೂ ಎರಡು ಅಂಕಿ ಬರೆದೆ. ಸ್ಟೀಮ್‌ನ ಗ್ರಾಫಿನಲ್ಲಿ ದಿನಾಂಕದ ವ್ಯಾಪ್ತಿ ಆರಿಸಿ ಬಿಡುಗಡೆಯಾದ ಮೊದಲ ತಿಂಗಳ ಶೇಕಡಾ ಒಂದು, ಈವರೆಗಿನ ಒಟ್ಟು ಶೇಕಡಾ ಇನ್ನೊಂದು. ಅಲೆ ಎದ್ದ ಆಟಗಳಿಗೆ ಗುರುತು ಹಾಕಿ, ಅವುಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿದೆ. ಎರಡನ್ನೂ ರಿಪೋರ್ಟಿನಲ್ಲಿ ಕೊಟ್ಟೆ.

ಎರಡು ಅಂಕಿ ಯಾಕೆ ಬೇಕು ಅನ್ನುವುದಕ್ಕೆ ನೋ ಮ್ಯಾನ್ಸ್ ಸ್ಕೈ ಸಾಕು. 2016ರ ಆಗಸ್ಟ್‌ನಲ್ಲಿ ಬಂದಾಗ ಮಾತು ಕೊಟ್ಟದ್ದು ಆಟದಲ್ಲಿ ಇಲ್ಲ ಅಂತ ಜನ ಹಿಡಿಶಾಪ ಹಾಕಿದರು. ತಯಾರಕರು ವರ್ಷಗಟ್ಟಲೆ ಪುಕ್ಕಟೆ ಅಪ್‌ಡೇಟ್ ಕೊಡುತ್ತ ಹೋದರು. 2024ರ ಕೊನೆಯ ಹೊತ್ತಿಗೆ ಸ್ಟೀಮ್‌ನಲ್ಲಿ ಅದರ ಒಟ್ಟು ಅಭಿಪ್ರಾಯ 80 ಶೇಕಡಾ ದಾಟಿತು. ಮೊದಲ ವಾರದಲ್ಲಿ ಬರೆದ ವಿಮರ್ಶೆಯನ್ನು ಈ 80ರ ಪಕ್ಕ ಇಟ್ಟು ವಿಮರ್ಶಕರಿಗೆ ತಿಳಿಯಲಿಲ್ಲ ಅನ್ನುವುದು ಅನ್ಯಾಯ. ಅವರು ನೋಡಿದ ಆಟವೇ ಬೇರೆ.

ಯಂತ್ರದ ಕಾಲಂ ಯಾಕೆ ಅನ್ನುವುದಕ್ಕೆ ಸೈಬರ್‌ಪಂಕ್ 2077 ಇದೆ. 2020ರ ಡಿಸೆಂಬರ್ 10ಕ್ಕೆ ಬಂತು. ಬಿಡುಗಡೆಗೆ ಮೊದಲು ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಪ್ರತಿ, ಅದರ ಮೆಟಾಸ್ಕೋರ್ 86. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಟ ತಡವರಿಸಿ ನಿಲ್ಲುತ್ತಿತ್ತು, ಅಲ್ಲಿ ಅಂಕ 57ಕ್ಕೆ ಬಂತು. ಒಂದು ವಾರದ ಆಚೀಚೆಯಲ್ಲಿ ಸೋನಿ ತನ್ನ ಅಂಗಡಿಯಿಂದಲೇ ಅದನ್ನು ತೆಗೆಯಿತು, ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ಈ ಭಾಗ ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಯ್ತು. ಒಳ್ಳೆಯ ಕಂಪ್ಯೂಟರಿನ ಎದುರು ಕೂತವರ 86 ನೋಡಿ, ಕೂಡಿಟ್ಟ ದುಡ್ಡಲ್ಲಿ ಹಳೆಯ ಯಂತ್ರಕ್ಕೆ ಆಟ ತಂದ ಹುಡುಗರು ನಮ್ಮಂಥ ಊರುಗಳಲ್ಲೂ ಇದ್ದಿರಬೇಕು. ಅಂದಿನಿಂದ ವಿಮರ್ಶೆ ಓದುವಾಗ ಯಾವ ಯಂತ್ರದಲ್ಲಿ ಆಡಿದರು ಅನ್ನುವ ಸಾಲನ್ನು ನಾನು ಮೊದಲು ಹುಡುಕುತ್ತೇನೆ.

ಖರ್ಚಿನ ವಿಷಯ ಕೇಳುವವರು ಬಹಳ. ಎಲ್ಲ ಆಟವನ್ನೂ ಕೊಳ್ಳಬೇಕಿಲ್ಲ, ನೀವು ಅಳೆಯುತ್ತಿರುವುದು ಅಂಕಗಳನ್ನು. ಆದರೂ ವಿಮರ್ಶಕರಿಗೂ ಆಟಗಾರರಿಗೂ ದೊಡ್ಡ ಅಂತರ ಬಿದ್ದ ಕೆಲವನ್ನು ಆಡಿಯೇ ನೋಡಬೇಕು ಅನ್ನಿಸಿತು. ರಿಯಾಯಿತಿಯ ಕಾಲ ಕಾಯ್ದರೆ ಹಳೆಯ ಆಟಗಳು ಅಗ್ಗ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದಿದ್ದರೆ ದುಡ್ಡು ವಾಪಸ್ ಕೇಳಬಹುದು. ಪ್ರಾಜೆಕ್ಟಿಗಾಗಿ ಅದನ್ನೇ ದಂಧೆ ಮಾಡಿಕೊಳ್ಳಬೇಡಿ, ಅವರು ದುರುಪಯೋಗ ಕಂಡರೆ ನಿಲ್ಲಿಸುತ್ತಾರೆ. ದುಡ್ಡಿಗಿಂತ ಡೌನ್‌ಲೋಡ್ ಕಷ್ಟ. ಸೈಬರ್‌ಪಂಕ್‌ಗೆ 70 ಜಿಬಿ ಜಾಗ ಬೇಕು, ನಮ್ಮ ಮನೆಯ ನೆಟ್ಟಿನಲ್ಲಿ ಅದು ಆಗುವ ಮಾತಲ್ಲ, ಲ್ಯಾಪ್‌ಟಾಪಿಗೂ ಆಗುವ ಮಾತಲ್ಲ. ಹುಬ್ಬಳ್ಳಿಯಲ್ಲಿ ಓದುವ ಸೋದರಮಾವನ ಮಗನ ರೂಮಿನಲ್ಲಿ ಕೂತು ನೋಡಿದೆ.

ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ್ದು ಯೂರೋ ಟ್ರಕ್ ಸಿಮ್ಯುಲೇಟರ್ 2. ಜೆಕ್ ದೇಶದ ಕಂಪನಿಯೊಂದು 2012ರಲ್ಲಿ ತಂದ ಆಟ. ಮೆಟಾಸ್ಕೋರ್ 79, ಅಂದರೆ ವಿಮರ್ಶಕರ ಲೋಕದಲ್ಲಿ ಪರವಾಗಿಲ್ಲ ಅನ್ನುವ ಅಂಕ. ಸ್ಟೀಮ್‌ನಲ್ಲಿ ಮಾತ್ರ 95 ಶೇಕಡಾಕ್ಕೂ ಮೇಲೆ ಮೆಚ್ಚುಗೆ, ಅದೂ ಲಕ್ಷಗಟ್ಟಲೆ ಜನರದ್ದು. ಯಾಕೆ ಅಂತ ತಮ್ಮ ಆಡುವುದನ್ನು ನೋಡುತ್ತ ಕೂತಾಗ ಅರ್ಥವಾಯ್ತು. ಕಥೆ ಇಲ್ಲ, ಶತ್ರು ಇಲ್ಲ, ಸರಕು ತುಂಬಿಕೊಂಡು ಗಾಡಿ ಹೊಡೆಯುವುದು. ಕನ್ನಡಿಯಲ್ಲಿ ಹಿಂದಿನ ಗಾಲಿ ನೋಡುತ್ತ ತಿರುವಿನಲ್ಲಿ ಗೇರು ಇಳಿಸುತ್ತಾನೆ, ದೇವಿಮನೆ ಘಟ್ಟದಲ್ಲಿ ಡ್ರೈವರ್ ಮಾಡುವ ಹಾಗೆಯೇ. ಲಾರಿ ಹಿಂದಕ್ಕೆ ತೆಗೆದು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸುವಾಗ ಉಸಿರು ಬಿಗಿಹಿಡಿಯುತ್ತಾನೆ. ಕೊಟ್ಟ ಗಡುವಿನೊಳಗೆ ಆಡಿ ಬರೆದು ಮುಂದಿನ ಆಟಕ್ಕೆ ಹೋಗಬೇಕಾದ ವಿಮರ್ಶಕರಿಗೆ ಇದು ಒಂದೇ ರಾಗ ಅನ್ನಿಸಿದರೆ ತಪ್ಪಿಲ್ಲ. ನೂರಾರು ಗಂಟೆ ಇದರಲ್ಲಿ ಕಳೆದವರಿಗೆ ಆ ಒಂದೇ ರಾಗವೇ ಬೇಕಾದದ್ದು.

ಲೆಕ್ಕ ಮಾಡಿದ್ದು ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ, ಪುಕ್ಕಟೆ ಸಿಗುತ್ತದೆ, ದುಡ್ಡಿನ ತಂತ್ರಾಂಶ ಬೇಡ. ಮೊದಲು ವಿಮರ್ಶಕರ ಅಂಕಗಳನ್ನು ಅವರದೇ ಸರಾಸರಿಯಿಂದ ಅಳೆಯಿರಿ. ಉದಾಹರಣೆಗೆ ಅವರ ಸರಾಸರಿ 7.5, ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 1 ಅಂತಿಟ್ಟುಕೊಳ್ಳಿ. ಆಗ ಅವರು ಕೊಟ್ಟ 8.5 ಅಂದರೆ ಸರಾಸರಿಗಿಂತ ಒಂದು ಮೆಟ್ಟಿಲು ಮೇಲೆ, 7 ಅಂದರೆ ಅರ್ಧ ಮೆಟ್ಟಿಲು ಕೆಳಗೆ. ಹತ್ತಕ್ಕೆ ಐದು ನಡುಮಧ್ಯ ಅಂತ ಶಾಲೆಯಲ್ಲಿ ಕಲಿತದ್ದು ಗೇಮ್ ವಿಮರ್ಶೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಏಳು ಸಾಧಾರಣ, ಐದು ಅಂದರೆ ಹತ್ತಿರ ಹೋಗಬೇಡಿ ಅಂತ. ಆಟಗಾರರ ಶೇಕಡಾವನ್ನೂ ಹೀಗೇ ಅದರ ಸರಾಸರಿಯಿಂದ ಅಳೆದರೆ ಎರಡನ್ನೂ ಪಕ್ಕಪಕ್ಕ ಇಡಬಹುದು. ಎರಡೂ ಕಡೆಯ ಅಂಕಿಗಳು ಮೇಲ್ತುದಿಯಲ್ಲಿ ಗುಂಪುಗೂಡಿರುವ ಕಾರಣ ಸ್ಪಿಯರ್‌ಮನ್ 1904ರಲ್ಲಿ ಕೊಟ್ಟ ಶ್ರೇಣಿ ಸಹಸಂಬಂಧ ಬಳಸಿದೆ, ಅಂಕದ ಬದಲು ಆಟಗಳು ಎಷ್ಟನೆಯ ಸ್ಥಾನದಲ್ಲಿವೆ ಅನ್ನುವುದನ್ನು ಹೋಲಿಸುವ ವಿಧಾನ ಅದು. ಒಂದೇ ಅಂಕ ಪಡೆದ ಆಟಗಳು ರಾಶಿ ಇರುತ್ತವೆ, ಅವಕ್ಕೆ ಸರಾಸರಿ ಶ್ರೇಣಿ ಕೊಡುವುದನ್ನು ಮರೆಯಬೇಡಿ.

ಗೈಡ್ ಅಷ್ಟಕ್ಕೆ ಬಿಡಲಿಲ್ಲ. ಸಹಸಂಬಂಧ ಇದೆ ಅಂದ ಮಾತ್ರಕ್ಕೆ ಒಮ್ಮತ ಇದೆ ಅಂತಾಗುವುದಿಲ್ಲ, ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವೈದ್ಯಕೀಯ ಅಳತೆಗಳ ಬಗ್ಗೆ ಬರೆದದ್ದು ಓದು ಅಂದರು. ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಚುಕ್ಕಿ ಇಟ್ಟು ನೋಡುವ ವಿಧಾನ ಅದು. ನನ್ನ ಪ್ರಾಜೆಕ್ಟಿಗೆ ಜೀವ ಬಂದದ್ದು ಆ ಚಿತ್ರದಿಂದ. ಸಹಸಂಬಂಧದ ಅಂಕಿ ಒಂದೇ ದಿಕ್ಕು ಅಂತ ಹೇಳಿ ಸುಮ್ಮನಾಗಿತ್ತು. ಚುಕ್ಕಿಗಳು ಮಾತ್ರ ಗುಂಪುಗುಂಪಾಗಿ ನಿಂತಿದ್ದವು. ಗಾಡಿ ಓಡಿಸುವ, ಬೇಸಾಯ ಮಾಡುವ, ಕಟ್ಟುತ್ತ ಹೋಗುವ ಆಟಗಳೆಲ್ಲ ಒಂದು ಬದಿ: ಆಟಗಾರರು ಮೇಲೆ, ನಮ್ಮ ವಿಮರ್ಶಕರು ಕೆಳಗೆ. ದೊಡ್ಡ ಬಜೆಟ್ಟಿನ ಕಥಾಪ್ರಧಾನ ಆಟಗಳು, ಆಟದ ಒಳಗೆ ಮತ್ತೆ ಮತ್ತೆ ದುಡ್ಡು ಕೇಳುವ ವಾರ್ಷಿಕ ಕ್ರೀಡಾ ಆಟಗಳು ಇನ್ನೊಂದು ಬದಿ: ವಿಮರ್ಶಕರು ಮೇಲೆ, ಆಟಗಾರರು ಕೆಳಗೆ. ಅಲೆ ಎದ್ದ ಆಟಗಳನ್ನು ಬಿಟ್ಟಾಗಲೂ ಈ ಗುಂಪು ಒಡೆಯಲಿಲ್ಲ. ರಾತ್ರಿ ಹೊತ್ತು ಈ ಚಿತ್ರ ಪರದೆಯ ಮೇಲೆ ಮೂಡಿದಾಗ ತಮ್ಮನನ್ನು ಎಬ್ಬಿಸಿ ತೋರಿಸಿದೆ. ಅಷ್ಟು ದಿನ ಗುಡುಗಿನ ನಡುವೆ ಓದಿ ಬರೆದ ಅಂಕಿಗಳು ಒಂದು ಆಕಾರ ತೆಗೆದುಕೊಂಡದ್ದು ನೋಡಿ ಇಬ್ಬರಿಗೂ ಮಾತು ಬರಲಿಲ್ಲ.

ನಮ್ಮ ಜಗಳಕ್ಕೂ ಅಲ್ಲೇ ಉತ್ತರ ಸಿಕ್ಕಿತು. ಈ ವಿಮರ್ಶಕರು ನಮ್ಮಿಂದ ದೂರ ಹೋಗುವುದು ಮನಬಂದಂತೆ ಅಲ್ಲ, ಎಲ್ಲಿ ದೂರ ಹೋಗುತ್ತಾರೆ ಅನ್ನುವುದು ಮೊದಲೇ ಗೊತ್ತಾಗುತ್ತದೆ. ಹಾಗಿದ್ದಾಗ ಅವರು ನಮ್ಮ ಅಭಿರುಚಿಯವರು ಅಲ್ಲದಿದ್ದರೂ ಉಪಯೋಗಕ್ಕೆ ಬರುತ್ತಾರೆ. ಕಥೆಯ ಆಟಕ್ಕೆ ಅವರು ಎಂಟು ಕೊಟ್ಟರೆ ನಾನು ಕಾಯುತ್ತೇನೆ, ಬೇಸಾಯದ ಆಟಕ್ಕೆ ಏಳು ಕೊಟ್ಟರೂ ತಮ್ಮ ಕೊಳ್ಳುತ್ತಾನೆ.

ರಿಪೋರ್ಟ್ ಮುದ್ರಿಸುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ಕನ್ನಡದಲ್ಲಿ ಒಂದು ಸಾರಾಂಶ ಇರಲಿ ಅಂತ ನಾನೇ ಹಟ ಮಾಡಿ ಸೇರಿಸಿದ್ದೆ. ಪೇಟೆಯ ಡಿಟಿಪಿ ಅಂಗಡಿಯಲ್ಲಿ ನುಡಿ ಫಾಂಟ್, ನನ್ನದು ಯೂನಿಕೋಡ್. ತೆರೆದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ, ಗ್ರಾಫಿನ ಕನ್ನಡ ಹೆಸರುಗಳ ಜಾಗದಲ್ಲಿ ಖಾಲಿ ಚೌಕಗಳು. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿಕೊಂಡು ಹೋಗಿ, ಅಂಗಡಿಯಲ್ಲಿ ಫೈಲು ತಿದ್ದಲಿಕ್ಕೆ ಕೊಡಬೇಡಿ. ಗ್ರಾಫಿನಲ್ಲಿ ಕೆಂಪು, ಹಸಿರು ಬಳಸಿದ್ದರೆ ಕಪ್ಪು-ಬಿಳುಪು ಪ್ರಿಂಟಿನಲ್ಲಿ ಎರಡೂ ಒಂದೇ ಬೂದು ಬಣ್ಣ ಆಗುತ್ತವೆ. ಚುಕ್ಕಿಗೊಂದು, ಗುಣಿಸು ಚಿಹ್ನೆಗೊಂದು ಅಂತ ಆಕಾರ ಬೇರೆ ಮಾಡಿ. ಗಟ್ಟಿ ಬೈಂಡಿಂಗ್‌ಗೆ ನನಗೆ ಪ್ರತಿಗೆ 250 ರೂಪಾಯಿ ಬಿತ್ತು, ಪ್ರಿಂಟಿನ ದುಡ್ಡು ಬೇರೆ. ಮಳೆಯಲ್ಲಿ ಅಂಟು ಒಣಗಲಿಕ್ಕೆ ಹೆಚ್ಚು ಹೊತ್ತು ಬೇಕು ಅಂತ ಬೈಂಡರ್ ಹೇಳಿದರು, ಕೊನೆಯ ದಿನಕ್ಕೆ ಇಟ್ಟುಕೊಂಡವರು ಕಾಯುತ್ತ ನಿಂತಿದ್ದರು. ಪ್ರಮಾಣಪತ್ರದ ಪುಟಕ್ಕೆ ಗೈಡ್, ಮುಖ್ಯಸ್ಥರು, ಪ್ರಾಂಶುಪಾಲರು ಈ ಕ್ರಮದಲ್ಲಿ ಸಹಿ ಆಗಬೇಕು, ಒಬ್ಬರು ರಜೆಯಲ್ಲಿದ್ದರೂ ಉಳಿದದ್ದು ನಿಲ್ಲುತ್ತದೆ. ಬೈಂಡಿಂಗ್‌ಗೆ ಕೊಡುವ ಮೊದಲೇ ಬಿಡಿ ಹಾಳೆಯ ಮೇಲೆ ಸಹಿ ಮಾಡಿಸಿಕೊಳ್ಳಬಹುದೇ ಅಂತ ನಿಮ್ಮ ವಿಭಾಗದಲ್ಲಿ ಕೇಳಿಕೊಳ್ಳಿ.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದು ಅಳತೆ ಬದಲಾದ ವರ್ಷಗಳನ್ನು ಏನು ಮಾಡಿದೆ ಅಂತ. ಆಮೇಲೆ ಕೈಬರಹದ ಪುಸ್ತಕ ತಿರುವಿ ನಾಲ್ಕಾರು ಸಾಲು ಆರಿಸಿ, ಅವುಗಳ ಸ್ಕ್ರೀನ್‌ಶಾಟ್ ತೋರಿಸು ಅಂದರು, ತೋರಿಸಿದೆ. ಕೊನೆಯಲ್ಲಿ, ಹಾಗಾದರೆ ಯಾರನ್ನು ನಂಬಬೇಕು ಅಂದರು. ಮೊದಲ ವಾರದಲ್ಲಿ ಕೊಳ್ಳುವವರು ಅದೇ ಯಂತ್ರದಲ್ಲಿ ಆಡಿದ ವಿಮರ್ಶಕರ ಬರಹ ಓದಬೇಕು, ಆ ಹೊತ್ತಿಗೆ ಆಟಗಾರರ ಅಂಕಿ ನೆಲೆ ನಿಂತಿರುವುದಿಲ್ಲ. ಆರು ತಿಂಗಳು ಕಾಯುವ ತಾಳ್ಮೆ ಇದ್ದವರು ಆಟಗಾರರ ಇತ್ತೀಚಿನ 30 ದಿನಗಳ ಅಭಿಪ್ರಾಯ ನೋಡಬೇಕು ಅಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ, ಬರೆದುಕೊಂಡರು.

ಅಂಕ ಇನ್ನೂ ಬಂದಿಲ್ಲ. ರಿಪೋರ್ಟಿನ ಒಂದು ಪ್ರತಿ ವಿಭಾಗದ ಕಪಾಟಿನಲ್ಲಿದೆ, ಕ್ಯಾಲ್ಕ್ ಫೈಲನ್ನೂ ಗೈಡ್ ಹತ್ತಿರ ಕೊಟ್ಟಿದ್ದೇನೆ, ಕೇಳಿದರೆ ಸಿಗುತ್ತದೆ. ಮುಂದೆ ಮಾಡುವವರು ಒಂದು ಕಾಲಂ ಹೆಚ್ಚು ಹಾಕಿ: ಅಭಿಪ್ರಾಯ ಬರೆದವರು ಅಷ್ಟರೊಳಗೆ ಎಷ್ಟು ಗಂಟೆ ಆಡಿದ್ದರು ಅನ್ನುವುದು. ನನಗೆ ಅದನ್ನು ಎಲ್ಲ ಆಟಕ್ಕೂ ಬರೆದುಕೊಳ್ಳಲು ಸಮಯ ಸಿಗಲಿಲ್ಲ. ಎರಡು ಗಂಟೆ ಆಡಿದವರನ್ನೂ ಇನ್ನೂರು ಗಂಟೆ ಆಡಿದವರನ್ನೂ ಬೇರೆ ಮಾಡಿದರೆ ಆ ಚುಕ್ಕಿಗಳ ಗುಂಪು ಹೇಗೆ ಕಾಣುತ್ತದೆ ಅಂತ ನೋಡಲು ನನಗೂ ಆಸೆ ಇದೆ. ಅಂಕಿ ಓದಿ ಹೇಳಲಿಕ್ಕೆ ಜನ ಬೇಕಾದರೆ ತಮ್ಮ ಬರುತ್ತೇನೆ ಅಂದಿದ್ದಾನೆ.